ಕೊಡಾಕ್: ಅರ್ಥವಿಲ್ಲದೆ ಹುಟ್ಟಿದ ಒಂದು ಹೆಸರಿನ ಪ್ರಕರಣ

1888ರ ಸೆಪ್ಟೆಂಬರ್ 4ರಂದು ಅಮೆರಿಕದ ಪೇಟೆಂಟ್ ಕಚೇರಿ ಜಾರ್ಜ್ ಈಸ್ಟ್‌ಮನ್ ಎಂಬ ರಾಚೆಸ್ಟರ್ ನಗರದ ಉದ್ಯಮಿಗೆ ಎರಡು ಹಕ್ಕು ಕೊಟ್ಟಿತು. ಒಂದು, ಆತ ರೂಪಿಸಿದ ಕೈಕ್ಯಾಮೆರಾದ ಪೇಟೆಂಟ್. ಇನ್ನೊಂದು, ಆ ಕ್ಯಾಮೆರಾಕ್ಕೆಂದು ಆತನೇ ಕಟ್ಟಿದ ಒಂದು ಶಬ್ದದ ಟ್ರೇಡ್‌ಮಾರ್ಕ್ ನೋಂದಣಿ. ಆಗಿನ ಅಮೆರಿಕನ್ ಕಾನೂನಿನಲ್ಲಿ ಪೇಟೆಂಟಿನ ಆಯುಸ್ಸು 17 ವರ್ಷ, ಹಾಗಾಗಿ ಯಂತ್ರದ ಮೇಲಿನ ಹಕ್ಕು 1905ಕ್ಕೆ ಮುಗಿಯಿತು. ಶಬ್ದದ ಮೇಲಿನ ಹಕ್ಕು ಇವತ್ತಿಗೂ ಮುಗಿದಿಲ್ಲ. ಆ ಶಬ್ದ ಕೊಡಾಕ್.

ಹೊಸ ಅಂಗಡಿಗೋ ಕಂಪನಿಗೋ ವೆಬ್‌ಸೈಟಿಗೋ ಹೆಸರು ಇಡಲು ಕೂತವರು ಸಾಮಾನ್ಯವಾಗಿ ಅರ್ಥದ ಹಿಂದೆ ಹೋಗುತ್ತಾರೆ. ನಮ್ಮ ವ್ಯಾಪಾರ ಏನೆಂದು ಹೆಸರೇ ಹೇಳಬೇಕು, ಕೇಳಿದವರಿಗೆ ಒಳ್ಳೆಯ ಭಾವನೆ ಬರಬೇಕು, ಸಾಧ್ಯವಾದರೆ ದೇವರದ್ದೋ ಮನೆಯವರದ್ದೋ ಹೆಸರೂ ಸೇರಬೇಕು. ಈಸ್ಟ್‌ಮನ್ ಇದಕ್ಕೆ ನೇರ ಎದುರಿನ ದಾರಿ ಹಿಡಿದ. ಯಾವ ಭಾಷೆಯಲ್ಲೂ ಇಲ್ಲದ, ಏನನ್ನೂ ಹೇಳದ ಶಬ್ದವನ್ನು ಬೇಕೆಂದೇ ತಯಾರಿಸಿದ. ಕಲ್ಪಿತ ಹೆಸರುಗಳ ಬಗ್ಗೆ ಯೋಚಿಸುವವರಿಗೆ ಇದಕ್ಕಿಂತ ಪೂರ್ತಿಯಾದ ಪ್ರಕರಣ ನನಗೆ ಗೊತ್ತಿಲ್ಲ. ಹೆಸರು ಕಟ್ಟಿದವನು ಕಾರಣಗಳನ್ನು ತಾನೇ ಹೇಳಿದ್ದಾನೆ, ಕೋರ್ಟುಗಳು ಅದನ್ನು ಪರೀಕ್ಷಿಸಿವೆ, ಕಂಪನಿ ಬೆಳೆದು ಕುಸಿದ ಮೇಲೂ ಹೆಸರು ಉಳಿದಿದೆ. ಈ ಹೆಸರಿನ ಯಶಸ್ಸಿಗೆ ಅದರ ಸೊಗಸಾದ ನಾದ ಕಾರಣ ಎನ್ನುವವರೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ. ನಾದ ಅದರ ಸಣ್ಣ ಭಾಗ. ಖಾಲಿ ಶಬ್ದವೊಂದನ್ನು ಆರಿಸಿಕೊಂಡು, ಅದಕ್ಕೆ ಒಂದೇ ಒಂದು ಅರ್ಥವನ್ನು ತುಂಬುತ್ತಾ, ಬೇರೆ ಅರ್ಥ ಅಂಟದಂತೆ ದಶಕಗಟ್ಟಲೆ ಕಾದದ್ದೇ ದೊಡ್ಡ ಭಾಗ.

ಆ ಹೆಸರಿಗೆ ಮುಂಚಿನ ಹೆಸರುಗಳು

ಈಸ್ಟ್‌ಮನ್ ಹುಟ್ಟಿದ್ದು 1854ರಲ್ಲಿ, ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್ ಎಂಬ ಊರಿನಲ್ಲಿ. ರಾಚೆಸ್ಟರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದಾಗ ಫೋಟೊಗ್ರಫಿಯ ಗೀಳು ಹಿಡಿಯಿತು. ಆಗ ಫೋಟೊ ತೆಗೆಯುವುದೆಂದರೆ ಗಾಜಿನ ಫಲಕ, ರಾಸಾಯನಿಕಗಳು, ಡೇರೆ ಎಲ್ಲವನ್ನೂ ಹೊತ್ತು ತಿರುಗಬೇಕಿತ್ತು. ಈ ಹೊರೆ ಇಳಿಸುವ ಪ್ರಯತ್ನದಲ್ಲೇ ಆತ ಒಣ ಫಲಕಗಳನ್ನು, ಅಂದರೆ ರಾಸಾಯನಿಕವನ್ನು ಮೊದಲೇ ಲೇಪಿಸಿ ಒಣಗಿಸಿದ ಗಾಜಿನ ಫಲಕಗಳನ್ನು, ತಯಾರಿಸಲು ತೊಡಗಿದ. 1881ರಲ್ಲಿ ಹೆನ್ರಿ ಸ್ಟ್ರಾಂಗ್ ಎಂಬ ಪಾಲುದಾರನ ಜೊತೆ ಈಸ್ಟ್‌ಮನ್ ಡ್ರೈ ಪ್ಲೇಟ್ ಕಂಪನಿ ಕಟ್ಟಿದ. ನಂತರ ಗಾಜು ಬಿಟ್ಟು ಸುರುಳಿ ಸುತ್ತುವ ಫಿಲ್ಮಿನತ್ತ ತಿರುಗಿದ.

ಈ ಹಂತದ ಸರಕುಗಳ ಹೆಸರುಗಳನ್ನು ಗಮನಿಸಿ: ಈಸ್ಟ್‌ಮನ್ ಡ್ರೈ ಪ್ಲೇಟ್, ಅಮೆರಿಕನ್ ಫಿಲ್ಮ್, ಈಸ್ಟ್‌ಮನ್-ವಾಕರ್ ರೋಲ್ ಹೋಲ್ಡರ್, ಡಿಟೆಕ್ಟಿವ್ ಕ್ಯಾಮೆರಾ. ಮಾಲೀಕನ ಹೆಸರು, ದೇಶದ ಹೆಸರು, ವಸ್ತುವಿನ ವರ್ಣನೆ, ಇಷ್ಟೇ. ‘ಡಿಟೆಕ್ಟಿವ್ ಕ್ಯಾಮೆರಾ’ ಎಂಬುದಂತೂ ಕೈಯಲ್ಲಿ ಹಿಡಿಯುವ ಯಾವುದೇ ಕ್ಯಾಮೆರಾಕ್ಕೆ ಆ ಕಾಲದಲ್ಲಿದ್ದ ಸಾಮಾನ್ಯ ಹೆಸರು. ಎಲ್ಲ ತಯಾರಕರೂ ಅದನ್ನೇ ಬಳಸುತ್ತಿದ್ದರು. ನಮ್ಮ ಬೀದಿಗಳಲ್ಲಿ ಲಕ್ಷ್ಮಿ ಎಲೆಕ್ಟ್ರಿಕಲ್ಸ್, ಮಂಜುನಾಥ ಪ್ರಾವಿಷನ್ ಸ್ಟೋರ್ಸ್ ಎಂಬ ಫಲಕಗಳು ಇರುವುದೂ ಇದೇ ಕ್ರಮದಲ್ಲಿ. ಒಂದು ಬಡಾವಣೆಯೊಳಗೆ ಇಂಥ ಹೆಸರು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಗಿರಾಕಿಗೆ ಅಂಗಡಿಯವರ ಮುಖಪರಿಚಯ ಇರುತ್ತದೆ. ಪಕ್ಕದ ತಾಲ್ಲೂಕಿಗೆ ಹೋದರೆ ಅಲ್ಲೂ ಒಂದು ಲಕ್ಷ್ಮಿ ಎಲೆಕ್ಟ್ರಿಕಲ್ಸ್ ಇರುತ್ತದೆ.

ವೃತ್ತಿಪರ ಛಾಯಾಗ್ರಾಹಕರು ಈಸ್ಟ್‌ಮನ್‌ನ ಫಿಲ್ಮನ್ನು ಅಷ್ಟಾಗಿ ಒಪ್ಪಲಿಲ್ಲ. ಗಾಜಿನ ಫಲಕದ ಚಿತ್ರವೇ ಅವರಿಗೆ ಮೇಲೆನಿಸಿತ್ತು. ಆಗ ಆತ ಮಾಡಿದ ನಿರ್ಧಾರವೇ ಹೆಸರಿನ ಕಥೆಗೂ ಮೂಲ: ಇದುವರೆಗೆ ಫೋಟೊ ತೆಗೆಯದೇ ಇದ್ದವರಿಗೆ ಕ್ಯಾಮೆರಾ ಮಾರುವುದು. 1888ರಲ್ಲಿ ಬಂದ ಪೆಟ್ಟಿಗೆಯೊಳಗೆ 100 ಚಿತ್ರಗಳಿಗಾಗುವಷ್ಟು ಫಿಲ್ಮನ್ನು ಕಾರ್ಖಾನೆಯಲ್ಲೇ ತುಂಬಿರುತ್ತಿದ್ದರು. ಬೆಲೆ 25 ಡಾಲರ್. ಕಣ್ಣಿಟ್ಟು ನೋಡುವ ಕಿಂಡಿ ಇರಲಿಲ್ಲ. ದಾರ ಎಳೆದು, ಗುಂಡಿ ಒತ್ತಿ, ಕೀಲಿ ತಿರುಗಿಸಿದರೆ ಆಯಿತು. ನೂರೂ ಮುಗಿದ ಮೇಲೆ ಪೆಟ್ಟಿಗೆಯನ್ನೇ ರಾಚೆಸ್ಟರಿಗೆ ಕಳಿಸಿ 10 ಡಾಲರ್ ಕೊಟ್ಟರೆ ಚಿತ್ರಗಳನ್ನು ತೊಳೆದು, ಹೊಸ ಫಿಲ್ಮ್ ತುಂಬಿ ವಾಪಸು ಕಳಿಸುತ್ತಿದ್ದರು. ಚಿತ್ರಗಳು ಎರಡೂವರೆ ಇಂಚಿನ ಅಡ್ಡಗಲದ ದುಂಡನೆಯವು. ‘ನೀವು ಗುಂಡಿ ಒತ್ತಿ, ಮಿಕ್ಕದ್ದು ನಮಗೆ ಬಿಡಿ’ ಎಂಬ ಅರ್ಥದ ಘೋಷವಾಕ್ಯ ಹುಟ್ಟಿದ್ದು ಈ ಏರ್ಪಾಟಿನಿಂದ.

ಇಂಥ ಸರಕಿಗೆ ‘ಈಸ್ಟ್‌ಮನ್ ಡಿಟೆಕ್ಟಿವ್ ಕ್ಯಾಮೆರಾ’ ಎಂದು ಹೆಸರಿಟ್ಟಿದ್ದರೆ ಏನಾಗುತ್ತಿತ್ತು? ಕೊಳ್ಳುವವನಿಗೆ ಅದು ಇದ್ದ ಹತ್ತು ಕ್ಯಾಮೆರಾಗಳ ಪಕ್ಕ ಹನ್ನೊಂದನೆಯದಾಗುತ್ತಿತ್ತು. ಕ್ಯಾಮೆರಾ ಎಂಬ ಪದದ ಜೊತೆ ಆಗ ರಾಸಾಯನಿಕ, ಕತ್ತಲ ಕೋಣೆ, ಕಷ್ಟ ಎಲ್ಲವೂ ಅಂಟಿಕೊಂಡು ಬರುತ್ತಿದ್ದವು. ಈಸ್ಟ್‌ಮನ್‌ಗೆ ಆ ಹಳೆಯ ನೆನಪುಗಳು ಯಾವುವೂ ಇಲ್ಲದ ಶಬ್ದ ಬೇಕಿತ್ತು. ಜೊತೆಗೆ 1885ರಲ್ಲೇ ಲಂಡನ್ನಿನಲ್ಲಿ ಶಾಖೆ ತೆರೆದಿದ್ದ. ಯುರೋಪಿನ ಹತ್ತಾರು ಭಾಷೆಗಳ ಬಾಯಲ್ಲಿ ಹೊರಳಬೇಕಾದ ಹೆಸರು ಅದು.

ಕಟ್ಟಿದ ಬಗೆ

ಹೆಸರನ್ನು ತಾನೇ ಕಟ್ಟಿದೆನೆಂದು ಈಸ್ಟ್‌ಮನ್ ಸ್ಪಷ್ಟವಾಗಿ ಹೇಳಿದ್ದಾನೆ. ‘ಕೆ’ ಅಕ್ಷರ ಆತನಿಗೆ ಮೊದಲಿನಿಂದ ಇಷ್ಟ, ಅದು ಗಟ್ಟಿಯಾದ, ಚೂಪಾದ ಅಕ್ಷರ ಎನಿಸುತ್ತಿತ್ತು. ಕೆ ಇಂದ ಶುರುವಾಗಿ ಕೆ ಇಂದಲೇ ಮುಗಿಯುವಂತೆ ಅಕ್ಷರಗಳನ್ನು ಬೇರೆ ಬೇರೆ ರೀತಿ ಜೋಡಿಸಿ ನೋಡುತ್ತಾ ಹೋಗಿ ಕೊನೆಗೆ ಸಿಕ್ಕದ್ದೇ ಕೊಡಾಕ್. ಆತನ ತಾಯಿ ಮರಿಯಾಳ ತವರಿನ ಹೆಸರು ಕಿಲ್ಬೋರ್ನ್, ಅದೂ ಕೆ ಅಕ್ಷರದ್ದೇ. ತಾಯಿ ಮಗ ಸೇರಿ ಅಕ್ಷರ ಜೋಡಿಸುವ ಆಟದ ಬಿಲ್ಲೆಗಳನ್ನು ಇಟ್ಟುಕೊಂಡು ಇದನ್ನು ಮಾಡಿದರು ಎಂಬ ಮಾತೂ ಚಾಲ್ತಿಯಲ್ಲಿದೆ.

ಇಂಥ ಹೆಸರುಗಳಿಗೆ ಕಥೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಗುಂಡಿ ಒತ್ತಿದಾಗ ಪೆಟ್ಟಿಗೆ ಮಾಡುವ ಸದ್ದೇ ಕೊಡಾಕ್ ಎಂದು ಕೆಲವರು ಹೇಳಿದರು. ನಾರ್ತ್ ಡಕೋಟಾದಲ್ಲಿದ್ದ ಡೇವಿಡ್ ಹೂಸ್ಟನ್ ಎಂಬ ಸಂಶೋಧಕನಿಂದ ಈಸ್ಟ್‌ಮನ್ ಪೇಟೆಂಟ್ ಹಕ್ಕು ಕೊಂಡದ್ದು ನಿಜ. ಅದನ್ನು ಹಿಡಿದು, ಆ ಪ್ರಾಂತ್ಯದ ಹೆಸರಿನಿಂದಲೇ ಕೊಡಾಕ್ ಬಂತೆಂದು ಇನ್ನು ಕೆಲವರು ಕಥೆ ಕಟ್ಟಿದರು. ಈಸ್ಟ್‌ಮನ್ ಕೊಟ್ಟ ವಿವರಣೆಯಲ್ಲಿ ಇವೆರಡಕ್ಕೂ ಜಾಗವಿಲ್ಲ. ಅರ್ಥವಿಲ್ಲದ ಶಬ್ದವನ್ನು ಅರ್ಥವಿಲ್ಲದೆ ಬಿಡಲು ಮನುಷ್ಯರಿಗೆ ಆಗುವುದಿಲ್ಲ. ಹೆಸರು ಇಡುವವರಿಗೆ ಇದು ಲಾಭವೇ. ಜನ ತಾವೇ ಒಂದು ಕಥೆ ಹುಡುಕಿಕೊಂಡರೆ ಹೆಸರು ಇನ್ನಷ್ಟು ನೆನಪಿನಲ್ಲಿ ಉಳಿಯುತ್ತದೆ.

ಬ್ರಿಟಿಷ್ ಪೇಟೆಂಟ್ ಕಚೇರಿಗೆ ಈಸ್ಟ್‌ಮನ್ ಕೊಟ್ಟ ವಿವರಣೆ ನನಗೆ ಈ ಇಡೀ ಪ್ರಕರಣದ ಹೃದಯ. ಇದು ಪರದೇಶದ ಶಬ್ದವಲ್ಲ, ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ನಾನೇ ಕಟ್ಟಿದ್ದು ಎಂದು ಹೇಳಿ ಮೂರು ಗುಣಗಳನ್ನು ಆತ ಮುಂದಿಟ್ಟ. ಶಬ್ದ ಚಿಕ್ಕದು. ಅದನ್ನು ತಪ್ಪಾಗಿ ಉಚ್ಚರಿಸಲಾಗದು. ಈ ಕಸುಬಿನಲ್ಲಿರುವ ಬೇರಾವುದನ್ನೂ ಅದು ಹೋಲುವುದಿಲ್ಲ, ಕೊಡಾಕನ್ನು ಬಿಟ್ಟು ಬೇರೆ ಯಾವುದರ ಜೊತೆಗೂ ಅದನ್ನು ತಳುಕು ಹಾಕಲಾಗದು.

ಎರಡನೆಯ ಗುಣದ ಹಿಂದೆ ಸೂಕ್ಷ್ಮ ಕಿವಿ ಇದೆ. ಶಬ್ದದಲ್ಲಿರುವ ಮೂರು ವ್ಯಂಜನಗಳೂ ಸ್ಪರ್ಶಾಕ್ಷರಗಳು. ಬಾಯಿ ಪೂರ್ತಿ ತಡೆದು ಬಿಡುವ ಗಟ್ಟಿ ಸದ್ದುಗಳು. ಯುರೋಪಿನ ಒಂದೊಂದು ಭಾಷೆ ಒಂದೊಂದು ರೀತಿ ಓದುವ ‘ಜೆ’ ಇಲ್ಲ, ‘ಡಬ್ಲ್ಯೂ’ ಇಲ್ಲ, ‘ಟಿ-ಎಚ್’ ಇಲ್ಲ. ಕ ಧ್ವನಿಗೆ ‘ಸಿ’ ಅಕ್ಷರವನ್ನೂ ಬಳಸಬಹುದಿತ್ತು, ಆದರೆ ಇಂಗ್ಲಿಷಿನವರು ‘ಸಿ’ಯನ್ನು ಮುಂದಿನ ಸ್ವರ ನೋಡಿ ಕ ಎಂದೋ ಸ ಎಂದೋ ಓದುತ್ತಾರೆ, ಇಟಲಿಯವರು ಕೆಲವೆಡೆ ಚ ಎನ್ನುತ್ತಾರೆ. ‘ಕೆ’ಗೆ ಈ ಗೊಂದಲವಿಲ್ಲ. ಹಾಗಾಗಿ ಅದು ಬರೀ ಇಷ್ಟದ ಅಕ್ಷರವಲ್ಲ, ಗಡಿ ದಾಟುವಾಗ ರೂಪ ಕೆಡದ ಅಕ್ಷರ. ಎರಡೂ ತುದಿಯಲ್ಲಿ ಅದೇ ಅಕ್ಷರ ಇರುವುದರಿಂದ ಅಚ್ಚಿನಲ್ಲಿ ನೋಡಿದಾಗಲೂ ಶಬ್ದಕ್ಕೆ ಒಂದು ಚೌಕಟ್ಟು ಬರುತ್ತದೆ.

ಕೋರ್ಟಿನ ಮುಂದೆ

ಮೂರನೆಯ ಗುಣ ಕಾನೂನಿಗೆ ಸಂಬಂಧಿಸಿದ್ದು. ಬ್ರಿಟನ್ನಿನ 1883ರ ಕಾಯ್ದೆಯಲ್ಲಿ ಬಳಕೆಯಲ್ಲಿಲ್ಲದ ‘ಫ್ಯಾನ್ಸಿ’ ಶಬ್ದಗಳನ್ನು ನೋಂದಾಯಿಸಲು ಅವಕಾಶವಿತ್ತು. ಅದೇನೆಂದು ಯಾರಿಗೂ ಖಚಿತವಿರದೆ ಜಗಳಗಳಾದವು. 1888ರಲ್ಲಿ, ಕೊಡಾಕ್ ಹುಟ್ಟಿದ ವರ್ಷವೇ, ಆ ಕಾಯ್ದೆಗೆ ತಿದ್ದುಪಡಿ ತಂದು ‘ಕಲ್ಪಿತ ಶಬ್ದ’ ಎಂಬ ಸ್ಪಷ್ಟ ವರ್ಗವನ್ನು ಸೇರಿಸಿದರು.

ಆ ವರ್ಗಕ್ಕೆ ಮೇರೆ ಹಾಕಿದ ಮೊಕದ್ದಮೆಯೂ ಈಸ್ಟ್‌ಮನ್ ಕಂಪನಿಯದೇ. ವಿವಾದದ ಹೆಸರು ಕೊಡಾಕ್ ಅಲ್ಲ, ಸೋಲಿಯೊ. ಬಿಸಿಲಿಗೆ ಹಿಡಿದು ಚಿತ್ರ ಮೂಡಿಸುವ ಫೋಟೊ ಕಾಗದಕ್ಕೆ ಕಂಪನಿ ಆ ಹೆಸರಿಟ್ಟಿತ್ತು. ಲ್ಯಾಟಿನ್ನಿನಲ್ಲಿ ‘ಸೋಲ್’ ಅಂದರೆ ಸೂರ್ಯ, ಆದ್ದರಿಂದ ಇದು ಸರಕಿನ ಗುಣವನ್ನು ಹೇಳುವ ಶಬ್ದ, ಕಲ್ಪಿತವಲ್ಲ ಎಂದು ನೋಂದಣಾಧಿಕಾರಿ ತಳ್ಳಿಹಾಕಿದರು. ಕಂಪನಿ ಪಟ್ಟು ಬಿಡಲಿಲ್ಲ. 1898ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕಂಪನಿಯ ಪರ ತೀರ್ಪು ಕೊಟ್ಟಿತು.

ಆ ತೀರ್ಪಿನ ಎರಡು ಮಾತು ಹೆಸರು ಇಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಭಾಷೆಯ ಶಬ್ದಭಂಡಾರ ಎಲ್ಲರ ಸಮಾನ ಆಸ್ತಿ, ಸರಕಿನ ಗುಣ ಹೇಳುವ ಪದವನ್ನು ಬಳಸದಂತೆ ಒಬ್ಬ ವ್ಯಾಪಾರಿ ಉಳಿದವರನ್ನು ತಡೆಯಬಾರದು ಎಂದರು ಲಾರ್ಡ್ ಹರ್ಷೆಲ್. ಹೊಸದಾಗಿ ಟಂಕಿಸಿದ ಶಬ್ದದಲ್ಲಿ ಪರಭಾಷೆಯ ಬೇರು ಕಂಡರೂ, ಸರಕಿನ ಗುಣದ ಬಗ್ಗೆ ಜಾಣತನದ ಮರೆಯ ಸುಳಿವು ಇದ್ದರೂ ಅದು ಅಡ್ಡಿಯಲ್ಲ ಎಂದರು ಲಾರ್ಡ್ ಮ್ಯಾಕ್‌ನಾಟನ್. ಹೊಸ ಶಬ್ದವನ್ನೇ ಸೃಷ್ಟಿಸಿದವನು ಯಾರ ಬಾಯಿಂದಲೂ ಏನನ್ನೂ ಕಸಿದುಕೊಂಡಿರುವುದಿಲ್ಲ. ಕಲ್ಪಿತ ಹೆಸರಿಗೆ ಕಾನೂನು ಕೊಡುವ ಬಲವಾದ ರಕ್ಷಣೆಯ ತರ್ಕ ಇಲ್ಲಿದೆ, ಮತ್ತು ಅದು ನ್ಯಾಯವಾದ ತರ್ಕ ಎಂದು ನಾನು ನಂಬುತ್ತೇನೆ. ‘ಶುದ್ಧ’ ಎಂಬ ಪದವನ್ನು ತುಪ್ಪದ ಕಂಪನಿಯೊಂದು ತನ್ನದೇ ಎಂದರೆ ಉಳಿದ ತುಪ್ಪದವರು ಯಾವ ಪದ ಬಳಸಬೇಕು?

ಇದೇ 1898ರಲ್ಲಿ ಇನ್ನೊಂದು ಮೊಕದ್ದಮೆ ನಡೆಯಿತು. ಇಂಗ್ಲೆಂಡಿನ ಜಾನ್ ಗ್ರಿಫಿತ್ಸ್ ಎಂಬ ಸೈಕಲ್ ಕಂಪನಿ ತನ್ನ ಸೈಕಲ್ಲುಗಳಿಗೆ ಕೊಡಾಕ್ ಎಂದು ಹೆಸರಿಟ್ಟಿತು. ಕ್ಯಾಮೆರಾಕ್ಕೂ ಸೈಕಲ್ಲಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿತ್ತು: ಸೈಕಲ್ ಸವಾರರಿಗೆಂದೇ ಈಸ್ಟ್‌ಮನ್ ಕಂಪನಿ ಕ್ಯಾಮೆರಾ ಮಾರುತ್ತಿತ್ತು. ಸೈಕಲ್ಲೂ ಈಸ್ಟ್‌ಮನ್‌ದೇ ಎಂದು ಜನ ತಿಳಿಯುತ್ತಾರೆ ಎಂದ ಕೋರ್ಟು ಆ ಬಳಕೆಯನ್ನು ತಡೆಯಿತು. ಒಂದು ಶಬ್ದ ಹತ್ತೇ ವರ್ಷದಲ್ಲಿ ತನ್ನ ಸರಕಿನ ಆಚೆಗೂ ನೆರಳು ಚಾಚಿತ್ತು. ಭಾರತದಲ್ಲೂ ಈ ತರ್ಕ ಬೇರೂರಿದೆ. ಪೆಟ್ರೋಲ್ ಕಂಪನಿಯ ಕಾಲ್ಟೆಕ್ಸ್ ಎಂಬ ಹೆಸರನ್ನು ಕೈಗಡಿಯಾರಗಳಿಗೆ ಇಡಲು ಹೊರಟ ವ್ಯಾಪಾರಿಯೊಬ್ಬರಿಗೆ 1960ರ ದಶಕದಲ್ಲಿ ಮುಂಬೈ ಹೈಕೋರ್ಟ್ ಅವಕಾಶ ಕೊಡಲಿಲ್ಲ. ನಮ್ಮ 1958ರ ಟ್ರೇಡ್‌ಮಾರ್ಕ್ ಕಾಯ್ದೆಯೂ ನೋಂದಣಿಗೆ ಅರ್ಹವಾದವುಗಳ ಪಟ್ಟಿಯಲ್ಲಿ ಕಲ್ಪಿತ ಶಬ್ದಗಳನ್ನು ಹೆಸರಿಸಿತ್ತು. ಈಗಿರುವ 1999ರ ಕಾಯ್ದೆಯಲ್ಲೂ ಸರಕನ್ನು ಬರೀ ವರ್ಣಿಸುವ ಹೆಸರು ನೋಂದಣಿಯ ಹೊಸ್ತಿಲಲ್ಲೇ ಎಡವುತ್ತದೆ.

ಹೆಸರು ಅತಿಯಾಗಿ ಗೆದ್ದರೆ

ಖಾಲಿ ಶಬ್ದಕ್ಕೆ ಒಂದು ಅಪಾಯವಿದೆ. ಹೊಸ ಬಗೆಯ ವಸ್ತುವಿಗೆ ಬೇರೆ ಹೆಸರೇ ಇಲ್ಲದಿದ್ದಾಗ ಕಂಪನಿಯ ಹೆಸರೇ ವಸ್ತುವಿನ ಹೆಸರಾಗಿಬಿಡುತ್ತದೆ. ಅಮೆರಿಕದ ಪತ್ರಿಕೆಗಳು ಕಂಡಕಂಡಲ್ಲಿ ಕ್ಯಾಮೆರಾ ಹಿಡಿದು ಓಡಾಡುವವರನ್ನು ‘ಕೊಡಾಕ್ ಪಿಡುಗು’ ಎಂಬರ್ಥದಲ್ಲಿ ಕರೆಯತೊಡಗಿದವು. ಫೋಟೊ ತೆಗೆಯುವುದಕ್ಕೇ ‘ಕೊಡಾಕ್ ಮಾಡುವುದು’ ಎಂದಾಯಿತು. ಜಾಹೀರಾತಿಗೆ ಇದು ಹಬ್ಬ. ಕಾನೂನಿನ ಕಣ್ಣಲ್ಲಿ ಹೀಗೆ ಎಲ್ಲರ ಸ್ವತ್ತಾದ ಹೆಸರನ್ನು ಮಾಲೀಕ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಥರ್ಮಾಸ್ ಎಂಬ ಹೆಸರಿಗೆ 1960ರ ದಶಕದಲ್ಲಿ ಇದೇ ಆಯಿತು.

ಈಸ್ಟ್‌ಮನ್ ಕಂಪನಿ ಇದನ್ನು ಬೇಗ ಗ್ರಹಿಸಿತು. ‘ಈಸ್ಟ್‌ಮನ್ ಅಲ್ಲದಿದ್ದರೆ ಅದು ಕೊಡಾಕ್ ಅಲ್ಲ’ ಎಂಬ ಸಾಲು ವರ್ಷಗಟ್ಟಲೆ ಜಾಹೀರಾತುಗಳಲ್ಲಿ ಬಂತು. ತನ್ನ ಹೆಸರು ಯಾವುದಕ್ಕೆ ಸಲ್ಲದು ಎಂದು ಹೇಳಲು ಕಂಪನಿಯೊಂದು ಹೀಗೆ ಹಣ ಸುರಿಯುವುದನ್ನು ನೋಡಿದರೆ, ಹೆಸರು ಕಟ್ಟುವುದು ಒಂದು ಸಂಜೆಯ ಕೆಲಸ, ಕಾಯುವುದು ಒಂದು ಜೀವಮಾನದ ಕೆಲಸ ಎಂದು ಯಾರಿಗಾದರೂ ಅರ್ಥವಾಗಬೇಕು.

ಇದೇ ರಾಚೆಸ್ಟರ್ ನಗರದಲ್ಲಿ 1906ರಲ್ಲಿ ಹಾಲಾಯ್ಡ್ ಎಂಬ ಫೋಟೊ ಕಾಗದದ ಕಂಪನಿ ಹುಟ್ಟಿತ್ತು. ಚೆಸ್ಟರ್ ಕಾರ್ಲ್‌ಸನ್ ಕಂಡುಹಿಡಿದ ಒಣ ನಕಲು ವಿಧಾನವನ್ನು ಅದು ಕೈಗೆತ್ತಿಕೊಂಡಾಗ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಚೀನ ಭಾಷೆಗಳ ಪ್ರಾಧ್ಯಾಪಕರೊಬ್ಬರು ಗ್ರೀಕ್ ಬೇರುಗಳಿಂದ ‘ಜೆರಾಗ್ರಫಿ’ ಎಂಬ ಪದ ಕೊಟ್ಟರು. ಒಣ ಬರವಣಿಗೆ ಎಂದು ಅರ್ಥ. ಅದನ್ನು ಕತ್ತರಿಸಿ, ಎರಡೂ ತುದಿಗೆ ‘ಎಕ್ಸ್’ ಇಟ್ಟು ಜೆರಾಕ್ಸ್ ಎಂದು ಮಾಡಿದರು. ಎದುರಿಗಿದ್ದ ಮಾದರಿ ತಮ್ಮೂರಿನ ಕೊಡಾಕ್. ಕಂಪನಿ 1961ರಲ್ಲಿ ತನ್ನ ಹೆಸರನ್ನೇ ಜೆರಾಕ್ಸ್ ಎಂದು ಬದಲಿಸಿಕೊಂಡಿತು.

ಆ ಹೆಸರು ಕರ್ನಾಟಕಕ್ಕೆ ಬಂದು ಏನಾಯಿತೆಂದು ನಮಗೆಲ್ಲ ಗೊತ್ತು. ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ‘ಜೆರಾಕ್ಸ್’ ಎಂದು ಬರೆದ ಅಂಗಡಿಗಳಲ್ಲಿರುವ ಯಂತ್ರಗಳ ಮೇಲೆ ಬಹುಪಾಲು ಬೇರೆ ಕಂಪನಿಗಳ ಹೆಸರಿರುತ್ತದೆ. ‘ಆಧಾರ್ ಜೆರಾಕ್ಸ್ ಎರಡು ತನ್ನಿ’ ಎನ್ನುವ ಗುಮಾಸ್ತರಿಗೂ ತರುವವರಿಗೂ ಅದೊಂದು ಕಂಪನಿ ಎಂಬ ನೆನಪಿರುವುದಿಲ್ಲ. ಇಷ್ಟಿದ್ದರೂ, ಭಾರತದಲ್ಲಿ ಈ ಹೆಸರು ಸಾರ್ವಜನಿಕವಾಗಿಬಿಟ್ಟಿದೆ ಎಂಬ ವಾದವನ್ನು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2012ರಲ್ಲಿ ಒಪ್ಪಲಿಲ್ಲ. ನೋಂದಣಿ ಉಳಿಯಿತು. ಕಾಗದದ ಮೇಲೆ ಉಳಿದ ಹೆಸರು ಬಾಯಲ್ಲಿ ಉಳಿದಿಲ್ಲ ಎಂಬುದು ನನ್ನ ಎಣಿಕೆ. ಕೊಡಾಕಿಗೆ ಕನ್ನಡದಲ್ಲಿ ಈ ಗತಿ ಬರಲಿಲ್ಲ. ನಮ್ಮ ಸ್ಟುಡಿಯೊಗಳಲ್ಲಿ ‘ರೋಲ್ ಹಾಕಿಸು’, ‘ರೀಲು ತೊಳೆಸು’ ಎಂಬ ಮಾತುಗಳೇ ಬಳಕೆಯಲ್ಲಿದ್ದವು. ಹಳದಿ ಫಲಕದ ಮೇಲಿನ ಕೊಡಾಕ್ ಒಂದು ಕಂಪನಿಯ ಹೆಸರಾಗಿಯೇ ಉಳಿಯಿತು.

ಅದೇ ಮನುಷ್ಯ, ಬೇರೆ ದಾರಿ

ಕಲ್ಪಿತ ಹೆಸರೇ ಎಲ್ಲಕ್ಕೂ ಮದ್ದು ಎಂದು ಈಸ್ಟ್‌ಮನ್ ಕೂಡ ನಂಬಿರಲಿಲ್ಲ. 1900ರಲ್ಲಿ ಮಕ್ಕಳೂ ಕೊಳ್ಳಬಹುದಾದ ಒಂದು ಡಾಲರಿನ ಕ್ಯಾಮೆರಾ ಬಂದಾಗ ಅದಕ್ಕೆ ಇಟ್ಟ ಹೆಸರು ಬ್ರೌನಿ. ಪಾಮರ್ ಕಾಕ್ಸ್ ಎಂಬ ಚಿತ್ರಕಾರನ ಪುಟಾಣಿ ಕಥಾಪಾತ್ರಗಳಾದ ಬ್ರೌನಿಗಳು ಆಗ ಅಮೆರಿಕದ ಮಕ್ಕಳಿಗೆ ಅಚ್ಚುಮೆಚ್ಚು. ಅರ್ಥವನ್ನು ಸೊನ್ನೆಯಿಂದ ತುಂಬಲು ಸಮಯವೂ ಹಣವೂ ಬೇಕು. ಅಗ್ಗದ ಸರಕಿಗೆ ಅಷ್ಟು ಕಾಯುವ ಬದಲು ಆಗಲೇ ತುಂಬಿದ್ದ ಹೆಸರನ್ನು ಎರವಲು ಪಡೆದದ್ದು ವಿವೇಕದ ಆಯ್ಕೆ ಎಂದು ನನಗೆ ತೋರುತ್ತದೆ. ಸಣ್ಣ ಬಂಡವಾಳದಲ್ಲಿ ಒಂದೇ ಊರಿನಲ್ಲಿ ವ್ಯಾಪಾರ ಮಾಡುವವರು ಪೂರ್ತಿ ಅರ್ಥಹೀನ ಹೆಸರಿಗೆ ಕೈಹಾಕುವ ಮುನ್ನ ಈ ಲೆಕ್ಕ ಹಾಕಬೇಕು.

ನಡುದಾರಿಯೂ ಇದೆ, ಅದರ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ನೆಲೆಸಿದೆ. 1945ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ಅಡುಗೆ ಎಣ್ಣೆ ತಯಾರಿಸಲು ಹುಟ್ಟಿದ ವೆಸ್ಟರ್ನ್ ಇಂಡಿಯಾ ವೆಜಿಟಬಲ್ ಪ್ರಾಡಕ್ಟ್ಸ್ ಎಂಬ ಕಂಪನಿಯ ಹೆಸರೇ ಕುಗ್ಗಿ ವಿಪ್ರೊ ಆಯಿತು. ಉದ್ದನೆಯ ಹೆಸರಿನಲ್ಲಿ ದಿಕ್ಕು, ದೇಶ, ಸರಕು ಎಲ್ಲವೂ ಇದ್ದವು. ಕುಗ್ಗಿದ ಮೇಲೆ ಯಾವುದೂ ಕಾಣದು. ಹಾಗಾಗಿ ಕಂಪನಿ ಎಣ್ಣೆ ಸಾಬೂನಿನಿಂದ ಕಂಪ್ಯೂಟರಿಗೆ ತಿರುಗಿದಾಗ ಹೆಸರು ಕಾಲಿಗೆ ತೊಡರಲಿಲ್ಲ. ‘ವೆಜಿಟಬಲ್ ಪ್ರಾಡಕ್ಟ್ಸ್’ ಎಂಬ ಫಲಕ ಹೊತ್ತು ಸಾಫ್ಟ್‌ವೇರ್ ಮಾರಲು ಹೋಗಿದ್ದರೆ ಪ್ರತಿ ಬಾಗಿಲಲ್ಲೂ ವಿವರಣೆ ಕೊಡಬೇಕಾಗುತ್ತಿತ್ತು.

ಕನ್ನಡದ ಬಾಯಲ್ಲಿ

ತಪ್ಪಾಗಿ ಉಚ್ಚರಿಸಲಾಗದು ಎಂಬ ಈಸ್ಟ್‌ಮನ್‌ನ ಮಾತು ನಮ್ಮಲ್ಲಿಗೆ ಬಂದಾಗ ಪೂರ್ತಿ ನಿಲ್ಲಲಿಲ್ಲ. ಕೊಡಕ್, ಕೊಡಾಕ್, ಕೊಡ್ಯಾಕ್, ಕೋಡಾಕ್ ಎಲ್ಲ ಕಾಗುಣಿತಗಳೂ ಕನ್ನಡದಲ್ಲಿ ಸಿಗುತ್ತವೆ. ರೋಮನ್ ಲಿಪಿ ಹ್ರಸ್ವ ದೀರ್ಘ ತೋರಿಸುವುದಿಲ್ಲ, ದ ಮತ್ತು ಡ ಬೇರೆ ಎಂದು ಹೇಳುವುದಿಲ್ಲ. ಇಂದು ವೆಬ್‌ಸೈಟಿನ ವಿಳಾಸ ಬಹುತೇಕ ರೋಮನ್ನಿನಲ್ಲಿ ಇರುವುದರಿಂದ, ಕನ್ನಡಿಗರಿಗಾಗಿ ಹೆಸರು ಕಟ್ಟುವವರು ಇದನ್ನು ಮೊದಲೇ ಎದುರಿಸಬೇಕು. ಹೆಸರನ್ನು ಕನ್ನಡದಲ್ಲಿ ಬರೆದು, ಅದನ್ನು ರೋಮನ್ನಿಗೆ ಇಳಿಸಿ, ವಿಷಯ ಗೊತ್ತಿಲ್ಲದ ಇನ್ನೊಬ್ಬರಿಂದ ಮರಳಿ ಕನ್ನಡಕ್ಕೆ ಓದಿಸಬೇಕು. ಹೊರಟ ಶಬ್ದವೇ ತಿರುಗಿ ಬಂದರೆ ಹೆಸರು ಗಟ್ಟಿ. ಳ, ಣ, ದ-ಡ, ತ-ಟ ಇರುವ ಹೆಸರುಗಳು ಇಲ್ಲೇ ಸೋಲುತ್ತವೆ.

ಇನ್ನೊಂದು ಸಂಗತಿ: ನಮ್ಮ ಆಡುಮಾತು ಶಬ್ದವನ್ನು ಸ್ವರದಲ್ಲಿ ಮುಗಿಸಲು ಇಷ್ಟಪಡುತ್ತದೆ. ಬಸ್ ‘ಬಸ್ಸು’ ಆಯಿತು, ಬ್ಯಾಂಕ್ ‘ಬ್ಯಾಂಕು’ ಆಯಿತು, ಕೊನೆಗೆ ಉಕಾರ ಸೇರಿದ್ದರಿಂದಲೇ ಹೇಳಲು ಸಲೀಸಾಯಿತು. ಇದಕ್ಕೆ ವಿಭಕ್ತಿಯೂ ಸೇರುತ್ತದೆ. ಹೆಸರು ಒಬ್ಬಂಟಿಯಾಗಿ ಫಲಕದ ಮೇಲಷ್ಟೇ ಇರುವುದಿಲ್ಲ, ‘ಅದಕ್ಕೆ ಹೋದೆ’, ‘ಅದರಲ್ಲಿ ತಗೊಂಡೆ’, ‘ಅದರಿಂದ ತರಿಸಿದೆ’ ಎಂಬ ಮಾತುಗಳಲ್ಲಿ ದಿನವೂ ಬಾಗಬೇಕು. ನಂದಿನಿ ಎಂಬ ಹೆಸರು ನಂದಿನಿಗೆ, ನಂದಿನಿಯಲ್ಲಿ, ನಂದಿನಿಯ ಎಂದು ನೀರಿನಂತೆ ಹರಿಯುತ್ತದೆ. ಒತ್ತಕ್ಷರದ ವ್ಯಂಜನದಲ್ಲಿ ಮುಗಿಯುವ ಹೆಸರು ಪ್ರತಿ ವಿಭಕ್ತಿಗೂ ತಡೆದು ನಿಲ್ಲುತ್ತದೆ. ಇಂಗ್ಲಿಷಿನ ನಾಮಪದಕ್ಕೆ ಈ ಕಷ್ಟವೇ ಇಲ್ಲದ್ದರಿಂದ, ಇಂಗ್ಲಿಷಿನ ಸಲಹೆಗಳನ್ನಷ್ಟೇ ಓದಿ ಹೆಸರು ಇಡುವವರಿಗೆ ಇದು ಹೊಳೆಯುವುದಿಲ್ಲ. ಗೂಗಲ್ ನಮ್ಮಲ್ಲಿ ‘ಗೂಗಲಿಸು’ ಎಂಬ ಕ್ರಿಯಾಪದವಾಗಿ ಓಡಾಡುತ್ತಿರುವುದಕ್ಕೆ ಕಂಪನಿಯ ಗಾತ್ರದ ಜೊತೆಗೆ ಆ ಶಬ್ದ ಇಸುಪ್ರತ್ಯಯಕ್ಕೆ ಸುಲಭವಾಗಿ ಒಗ್ಗಿದ್ದೂ ಕಾರಣ.

ಅರ್ಥಹೀನ ಶಬ್ದ ಬೇರೆ ಭಾಷೆಯಲ್ಲಿ ಅರ್ಥ ಪಡೆದುಕೊಳ್ಳಬಹುದು ಎಂಬ ಎಚ್ಚರಿಕೆಗೂ ಕೊಡಾಕೇ ಉದಾಹರಣೆ. ಧಾರವಾಡದ ಕಡೆ ‘ದುಡ್ಡು ಕೊಡಾಕ ಬಂದೀನಿ’ ಎಂದರೆ ಕೊಡಲು ಬಂದಿದ್ದೇನೆ ಎಂದು. ಈಸ್ಟ್‌ಮನ್‌ನ ಅದೃಷ್ಟಕ್ಕೆ ಅದು ಒಳ್ಳೆಯ ಪದ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ, ಹಾಗಾಗಿ ಹೆಸರನ್ನು ಅಂತಿಮಗೊಳಿಸುವ ಮುನ್ನ ತುಳು, ಕೊಂಕಣಿ, ಉರ್ದು, ತೆಲುಗು, ಮರಾಠಿ ಆಡುವವರ ಮುಂದೆ ಒಮ್ಮೆ ಹೇಳಿ ನೋಡುವುದು ಕ್ಷೇಮ. ಕರ್ನಾಟಕದಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ.

ಜಾಲತಾಣಗಳ ಕಾಲ

ನಿಘಂಟಿನಲ್ಲಿರುವ ಚಿಕ್ಕ ಇಂಗ್ಲಿಷ್ ಪದಗಳ ಡಾಟ್‌ಕಾಮ್ ವಿಳಾಸಗಳು ಎಂದೋ ಬೇರೆಯವರ ಪಾಲಾಗಿವೆ. ಇಂದು ಹೆಸರು ಕಟ್ಟುವವರನ್ನು ಕಲ್ಪಿತ ಶಬ್ದಗಳತ್ತ ತಳ್ಳುತ್ತಿರುವುದು ಮುಖ್ಯವಾಗಿ ಇದು. 2004ರಲ್ಲಿ ಕೆನಡಾದ ವ್ಯಾಂಕೂವರಿನಿಂದ ಬಂದ ಫ್ಲಿಕರ್ ಎಂಬ ಫೋಟೊ ತಾಣ, ಸರಿಯಾದ ಕಾಗುಣಿತದ ವಿಳಾಸ ಸಿಗದೆ, ಕೊನೆಯ ‘ಆರ್’ಗೆ ಮುಂಚಿನ ‘ಇ’ ಅಕ್ಷರವನ್ನು ಕೈಬಿಟ್ಟು ಹೆಸರು ಮಾಡಿಕೊಂಡಿತು. ಅದರ ಬೆನ್ನಿಗೆ ಸ್ವರ ಉದುರಿಸಿದ ಹೆಸರುಗಳ ಸಾಲೇ ಬಂತು. ಈಸ್ಟ್‌ಮನ್‌ನ ಅಳತೆಗೋಲಿನಲ್ಲಿ ಇವು ಅರ್ಧ ಪಾಸು. ಚಿಕ್ಕವು, ಅನನ್ಯವಾದವು, ಆದರೆ ಕಿವಿಯಿಂದ ಕೇಳಿದವರು ಬೆರಳಿನಿಂದ ಸರಿಯಾಗಿ ಟೈಪ್ ಮಾಡಲಾರರು. ಫೋನಿನಲ್ಲಿ ಒಮ್ಮೆ ಹೇಳಿದರೆ ಆಚೆಯವರು ತಪ್ಪಿಲ್ಲದೆ ಬರೆದುಕೊಳ್ಳುವಂತಿದ್ದರೆ ಮಾತ್ರ ಅಂಥ ಹೆಸರನ್ನು ನಾನು ಒಪ್ಪುತ್ತೇನೆ.

ಕೊಡಾಕ್ ಕೂಡ ಅಂತರ್ಜಾಲಕ್ಕೆ ಬಂತು. 2001ರಲ್ಲಿ ಓಫೋಟೊ ಎಂಬ ತಾಣವನ್ನು ಕೊಂಡು, 2005ರಲ್ಲಿ ಅದಕ್ಕೆ ಕೊಡಾಕ್ ಈಸಿಶೇರ್ ಗ್ಯಾಲರಿ ಎಂದು ಮರುನಾಮಕರಣ ಮಾಡಿತು. ನಾಲಿಗೆಗೆ ಹಗುರಾದ ಕಲ್ಪಿತ ಹೆಸರನ್ನು ತೆಗೆದು ಮೂರು ತುಂಡಿನ ವರ್ಣನೆ ಇಟ್ಟದ್ದು ಸ್ಥಾಪಕನ ಪಾಠವನ್ನೇ ಮರೆತಂತೆ. ತಾಣ 2012ರಲ್ಲಿ ಮುಚ್ಚಿತು. ಹೆಸರು ಬದಲಿಸಿದ್ದರಿಂದಲೇ ಅದು ಮುಳುಗಿತೆಂದು ನಾನು ಹೇಳಲಾರೆ. ಮುಳುಗುತ್ತಿದ್ದುದು ಇಡೀ ಕಂಪನಿ. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿ ತನ್ನದೇ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿ ತೋರಿಸಿದ್ದರೂ ಕಂಪನಿ ಫಿಲ್ಮಿನ ಲಾಭ ಬಿಡಲಾರದೆ ಕೂತಿತ್ತು. 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು, 2013ರಲ್ಲಿ ಬಹಳ ಚಿಕ್ಕದಾಗಿ ಹೊರಬಂತು.

ಆಮೇಲೆ ನಡೆದದ್ದು ಸೈಕಲ್ ಮೊಕದ್ದಮೆಯ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿ. ಬೇರೆ ಸರಕಿನ ಮೇಲೆ ಈ ಹೆಸರು ಕಂಡರೆ ಜನ ಮೋಸಹೋಗುತ್ತಾರೆ ಎಂದು 1898ರಲ್ಲಿ ಕೋರ್ಟಿಗೆ ಹೋಗಿದ್ದ ಕಂಪನಿಯೇ ಈಗ ಬೇರೆ ಬೇರೆ ಸರಕುಗಳಿಗೆ ತನ್ನ ಹೆಸರನ್ನು ಬಾಡಿಗೆಗೆ ಕೊಡುತ್ತಿದೆ. ಭಾರತದಲ್ಲಿ 2016ರಿಂದ ಮಾರಾಟವಾಗುತ್ತಿರುವ ಕೊಡಾಕ್ ಟಿ.ವಿ.ಗಳನ್ನು ತಯಾರಿಸುವುದು ಪರವಾನಗಿ ಪಡೆದ ಇಲ್ಲಿನ ಕಂಪನಿಯೊಂದು. ಮಾಲೀಕನ ಒಪ್ಪಿಗೆ ಇರುವುದರಿಂದ ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಕೊಳ್ಳುವವರ ಮನಸ್ಸಿನಲ್ಲಿ ಕೆಲಸ ಮಾಡುತ್ತಿರುವುದು ಮದುವೆ ಆಲ್ಬಮ್ಮುಗಳ ಕಾಲದ ನಂಬಿಕೆ. ಬೇರೆ ಯಾವುದರ ಜೊತೆಗೂ ತಳುಕು ಹಾಕಲಾಗದು ಎಂಬ ಈಸ್ಟ್‌ಮನ್‌ನ ಮೂರನೆಯ ಗುಣವನ್ನು ಈ ಬಾಡಿಗೆ ದಿನದಿನವೂ ಸವೆಸುತ್ತಿದೆ ಎಂದೇ ನಾನು ಭಾವಿಸುತ್ತೇನೆ. ಸಿನಿಮಾ ಫಿಲ್ಮನ್ನು ಮಾತ್ರ ಆ ಕಂಪನಿ ರಾಚೆಸ್ಟರಿನಲ್ಲಿ ಈಗಲೂ ತಾನೇ ತಯಾರಿಸುತ್ತದೆ, ಅದೇ ಹೆಸರಿನಲ್ಲಿ.